ಗ್ಲೋಬ್ ಅಂದ್ರೆ ಬರೀ ಭೂಮಿನಾ?

ಪದದ ಜಾಡು | ಒಟ್ಟು 7 ಭಾಗ, ಎಡಕ್ಕೆ ಸರಿಸ್ತಾ ಹೋಗಿ 👉

1️⃣
ಈ ಫಾರ್ವರ್ಡ್ ನಿಮ್ಮ ಮನೆ ಗ್ರೂಪಿಗೂ ಬಂದಿರಬಹುದು: "ಭೂಗೋಳ ಅನ್ನೋ ಪದದಲ್ಲೇ ಗೋಳ ಇದೆ. ಕೊಲಂಬಸ್ ಕಾಲದವರೆಗೂ ಯುರೋಪಿನವರು ಭೂಮಿ ಚಪ್ಪಟೆ ಅಂತಿದ್ರು. ನಮ್ಮವರಿಗೆ ಮೊದಲೇ ಗೊತ್ತಿತ್ತು!" ಓದಿದ ತಕ್ಷಣ ಖುಷಿ ಆಗುತ್ತೆ, ನಾಲ್ಕು ಜನಕ್ಕೆ ಕಳಿಸಿಬಿಡ್ತೀವಿ.
ಆದರೆ ಬಿಕಾಂ ಓದೋರು ನಾವು. ಲೆಡ್ಜರಿನಲ್ಲಿ ಎಂಟ್ರಿ ಇದ್ದರೆ ಸಾಲದು, ವೋಚರ್ ಎಲ್ಲಿ ಅಂತ ಕೇಳಬೇಕು ತಾನೇ? ಒಂದು ಪದವನ್ನ ಸಾಕ್ಷಿಗೆ ಕರೆಯೋ ಮೊದಲು, ಬರೆದವರ ಕಾಲದಲ್ಲಿ ಅದಕ್ಕೆ ಏನರ್ಥ ಇತ್ತು ಅಂತ ನೋಡೋಣ. ಮೊದಲು ಇಂಗ್ಲಿಷಿನ ಗ್ಲೋಬ್, ಆಮೇಲೆ ನಮ್ಮ ಗೋಳ.

2️⃣
ಗ್ಲೋಬ್ ಹುಟ್ಟಿದ್ದು ಲ್ಯಾಟಿನ್ನಿನ "ಗ್ಲೋಬಸ್" ಪದದಿಂದ. ಅರ್ಥ: ಉಂಡೆ, ಚೆಂಡು. ಅಷ್ಟೇ ಅಲ್ಲ, ಒತ್ತೊತ್ತಾಗಿ ಸೇರಿದ ಜನರ ಗುಂಪಿಗೂ, ಸೈನಿಕರ ದಂಡಿಗೂ ರೋಮನ್ನರು ಇದೇ ಪದ ಬಳಸ್ತಿದ್ರು.
ಈ ಅರ್ಥ ಇಂಗ್ಲಿಷಿಗೂ ಬಂತು. 1667ರಲ್ಲಿ ಪ್ರಕಟವಾದ "ಪ್ಯಾರಡೈಸ್ ಲಾಸ್ಟ್" ಕಾವ್ಯದಲ್ಲಿ ಮಿಲ್ಟನ್, ಸೈತಾನನನ್ನು ಸುತ್ತುವರಿದು ನಿಂತ ದೂತರ ಪಡೆಯನ್ನ ಗ್ಲೋಬ್ ಅಂತಾನೆ. ಅಲ್ಲಿ ಶಾಲೆಯ ಮೇಜಿನ ಮೇಲಿದ್ದ ನೀಲಿ ಗ್ಲೋಬನ್ನ ನೆನೆಸಿಕೊಂಡ್ರೆ ಸಾಲೇ ಅರ್ಥ ಆಗಲ್ಲ.

3️⃣
ಇನ್ನೊಂದು ವಿಷಯ. ಹಳೇ ಬರಹದಲ್ಲಿ "ಗ್ಲೋಬ್ ಮಾಡಿದರು" ಅಂತ ಇದ್ದರೆ, ಯಾವ ಗ್ಲೋಬ್ ಅಂತ ಕೇಳಬೇಕು. ಯಾಕಂದ್ರೆ ಆಕಾಶಕ್ಕೂ ಗ್ಲೋಬ್ ಇತ್ತು! ಇಟಲಿಯ ನೇಪಲ್ಸ್ ಮ್ಯೂಸಿಯಮ್ಮಿನಲ್ಲಿ ರೋಮನ್ ಕಾಲದ ಅಟ್ಲಾಸನ ಅಮೃತಶಿಲೆಯ ಮೂರ್ತಿ ಇದೆ. ಅವನ ಹೆಗಲ ಮೇಲಿರೋ ಗೋಳದಲ್ಲಿ ದೇಶಗಳಿಲ್ಲ, ನಕ್ಷತ್ರಪುಂಜಗಳಿವೆ. 1592ರಲ್ಲಿ ಇಂಗ್ಲೆಂಡಿನ ಎಮರಿ ಮಾಲಿನೊ ತಯಾರಿಸಿದ ಗ್ಲೋಬುಗಳೂ ಜೋಡಿಯಾಗೇ ಬಂದವು: ಒಂದು ಭೂಮಿಯದು, ಒಂದು ಆಕಾಶದ್ದು.
ಲಂಡನ್ನಿನಲ್ಲಿ ಈ ಪದಕ್ಕೆ ಆಗ ಹೊಸ ಮೆರುಗು. 1599ರಲ್ಲಿ ಷೇಕ್ಸ್‌ಪಿಯರ್ ತಂಡದ ಗ್ಲೋಬ್ ರಂಗಮಂದಿರ ಎದ್ದಿತು. ಅವನ ಹ್ಯಾಮ್ಲೆಟ್ ಅಪ್ಪನ ಪ್ರೇತ ಕಂಡ ಮೇಲೆ ತನ್ನ ತಲೆಯನ್ನೇ ಗ್ಲೋಬ್ ಅಂತಾನೆ. ತಲೆ, ನಾಟಕಶಾಲೆ, ಜಗತ್ತು, ಮೂರನ್ನೂ ಒಂದೇ ಪದ ಹೊತ್ತುಕೊಂಡಿದೆ ನೋಡಿ.

4️⃣
ಈಗ ನಮ್ಮ "ಗೋಳ"ಕ್ಕೆ ಬರೋಣ. (ಪರೀಕ್ಷೆ ಹಿಂದಿನ ದಿನದ ಗೋಳು ಬೇರೆ 😅)
ಸಂಸ್ಕೃತದಲ್ಲೂ ಗೋಲ ಅಂದ್ರೆ ಚೆಂಡು, ಉಂಡೆ. ಕ್ರಿ.ಶ. 499ರಲ್ಲಿ ತನಗೆ 23 ವರ್ಷ ಅಂತ ಲೆಕ್ಕ ಕೊಟ್ಟಿರೋ ಆರ್ಯಭಟನ ಗ್ರಂಥದ ಕೊನೇ ಭಾಗದ ಹೆಸರೇ ಗೋಲಪಾದ. ಅಲ್ಲಿ ಬಹುಪಾಲು ಚರ್ಚೆ ಆಕಾಶದ ಗೋಳದ್ದು. ಭೂಮಿಯೂ ದುಂಡಗಿದೆ ಅಂತ ಸ್ಪಷ್ಟವಾಗೇ ಇದೆ: ಕದಂಬದ ಹೂವಿನ ಉಂಡೆಗೆ ಸುತ್ತಲೂ ಎಸಳು ಅಂಟಿರೋ ಹಾಗೆ ಭೂಮಿಯ ಸುತ್ತಲೂ ಜೀವಿಗಳಿವೆ ಅಂತ ಹೋಲಿಸ್ತಾನೆ.
ಹಾಗಾದ್ರೆ ಫಾರ್ವರ್ಡ್ ಸರಿ ಅಲ್ವಾ? ತಡೀರಿ. ಭಾಗವತ ಪುರಾಣದ ಐದನೇ ಸ್ಕಂಧದಲ್ಲೂ ಭೂಗೋಲ ಅನ್ನೋ ಪದ ಇದೆ. ಅಲ್ಲಿನ ಚಿತ್ರವೇ ಬೇರೆ: ನಡುವೆ ಮೇರು ಪರ್ವತ, ಸುತ್ತ ಏಳು ದ್ವೀಪ, ಏಳು ಸಮುದ್ರ, ಬಳೆ ಜೋಡಿಸಿದಂತೆ ಒಂದರಾಚೆ ಒಂದು. ಪದ ಒಂದೇ, ಕಣ್ಣ ಮುಂದಿನ ಭೂಮಿ ಎರಡು.

5️⃣
ಅಂದ್ರೆ "ಗೋಳ" ಅನ್ನೋ ಪದವೊಂದೇ ಏನನ್ನೂ ಸಾಬೀತು ಮಾಡಲ್ಲ. ವೋಚರ್ ಬೇರೆ ಕಡೆ ಇದೆ.
1150ರ ಸಿದ್ಧಾಂತ ಶಿರೋಮಣಿಯ ಗೋಲಾಧ್ಯಾಯದಲ್ಲಿ ಭಾಸ್ಕರಾಚಾರ್ಯ ಒಂದು ವಾದ ಮುಂದಿಡ್ತಾನೆ. ವೃತ್ತದ ಪರಿಧಿಯ ನೂರನೇ ಒಂದು ಪಾಲು ತಗೊಂಡ್ರೆ ನೇರ ಗೆರೆ ಹಾಗೇ ಕಾಣುತ್ತೆ. ಭೂಮಿಯೋ ಬಹಳ ದೊಡ್ಡದು, ಮನುಷ್ಯ ತೀರಾ ಚಿಕ್ಕವನು. ಅದಕ್ಕೇ ನಮಗೆ ಭೂಮಿ ಚಪ್ಪಟೆ ಅನ್ನಿಸುತ್ತೆ, ಅಂತ.
ಎಷ್ಟು ಚೆಂದದ ತರ್ಕ! ಹೆಮ್ಮೆ ಪಡಬೇಕು ಅಂದ್ರೆ ಇದಕ್ಕೆ ಪಡೋಣ. ಫಾರ್ವರ್ಡಿನಲ್ಲಿ ಪದ ಇತ್ತು, ಈ ವಾದವೇ ಇರಲಿಲ್ಲ.

6️⃣
ಇನ್ನು ಯುರೋಪ್. ಅಲ್ಲೂ ಓದಿದವರಿಗೆ ಭೂಮಿ ದುಂಡಗಿದೆ ಅಂತ ಗೊತ್ತಿತ್ತು. ಕ್ರಿ.ಪೂ. ಮೂರನೇ ಶತಮಾನದಲ್ಲೇ ಎರಟೋಸ್ತನೀಸ್ ಅದರ ಸುತ್ತಳತೆ ಲೆಕ್ಕ ಹಾಕಿದ್ದ. 13ನೇ ಶತಮಾನದಲ್ಲಿ ಸ್ಯಾಕ್ರೊಬಾಸ್ಕೊ ಬರೆದ ಗೋಳದ ಪುಸ್ತಕ ಅಲ್ಲಿನ ವಿಶ್ವವಿದ್ಯಾಲಯಗಳ ಪಠ್ಯ ಆಗಿತ್ತು.
ಕೊಲಂಬಸ್ ಜೊತೆ ಪಂಡಿತರ ಜಗಳ ಭೂಮಿಯ ಅಳತೆ ಬಗ್ಗೆ. ಅವನು ಅದನ್ನ ತೀರಾ ಚಿಕ್ಕದು ಅಂದುಕೊಂಡಿದ್ದ. ಅವನು ಹಡಗು ಹತ್ತಿದ 1492ರಲ್ಲೇ ಜರ್ಮನಿಯ ನ್ಯೂರೆಂಬರ್ಗಿನಲ್ಲಿ ಮಾರ್ಟಿನ್ ಬೆಹೈಮನ ಭೂಮಿಯ ಗ್ಲೋಬ್ ಸಿದ್ಧವಾಗಿತ್ತು. ಅದರ ಹೆಸರು "ಎರ್ಡ್‌ಆಪ್ಫೆಲ್", ಅಂದ್ರೆ ಭೂಮಿ-ಸೇಬು. ಅಮೆರಿಕ ಖಂಡಗಳು ಅದರಲ್ಲಿಲ್ಲ. ಇವತ್ತು ಆಸ್ಟ್ರಿಯಾದ ತರಕಾರಿ ಅಂಗಡಿಯಲ್ಲಿ ಇದೇ ಪದ ಹೇಳಿದ್ರೆ ಆಲೂಗಡ್ಡೆ ತೂಗಿ ಕೊಡ್ತಾರೆ!
ಚಪ್ಪಟೆ ಭೂಮಿಯ ಕಥೆ ಜೋರಾಗಿ ಹಬ್ಬಿದ್ದು ಬಹಳ ತಡವಾಗಿ. 1828ರಲ್ಲಿ ವಾಷಿಂಗ್ಟನ್ ಇರ್ವಿಂಗ್ ಬರೆದ ಕೊಲಂಬಸ್ ಜೀವನಚರಿತ್ರೆಗೆ ಅದರಲ್ಲಿ ದೊಡ್ಡ ಪಾಲಿದೆ.

7️⃣
ಪದ ಈಗಲೂ ಉರುಳ್ತಾನೇ ಇದೆ. ಮೊದಮೊದಲು ಇಂಗ್ಲಿಷಿನಲ್ಲಿ "ಗ್ಲೋಬಲ್" ಅಂದ್ರೆ ಬರೀ ದುಂಡಗಿರೋದು. ಇಡೀ ಜಗತ್ತಿಗೆ ಸೇರಿದ್ದು ಅನ್ನೋ ಅರ್ಥ ಅಂಟಿದ್ದು 19ನೇ ಶತಮಾನದ ಕೊನೆಗೆ. ನಾವು ಯೂನಿಟ್ ಒಂದರಲ್ಲೇ ಉರು ಹೊಡೆಯೋ "ಗ್ಲೋಬಲೈಸೇಷನ್" ವ್ಯಾಪಾರ ಲೋಕದಲ್ಲಿ ಮನೆಮಾತಾಗೋಕೆ 1983ರಲ್ಲಿ ಥಿಯೊಡೋರ್ ಲೆವಿಟ್ ಬರೆದ ಲೇಖನ ದೊಡ್ಡ ಕಾರಣ.
ಆದ್ದರಿಂದ ಮುಂದಿನ ಸಲ "ಈ ಪದದಲ್ಲೇ ಪುರಾವೆ ಇದೆ" ಅಂತ ಯಾರಾದ್ರೂ ಕಳಿಸಿದ್ರೆ ಮೂರೇ ಪ್ರಶ್ನೆ ಕೇಳಿ: ಯಾವ ಪುಸ್ತಕ? ಯಾವ ಕಾಲ? ಅದರ ಹಿಂದೆ ಮುಂದೆ ಏನಿದೆ? ದೊಡ್ಡವರು ಕಳಿಸಿದ್ರೆ ಜಗಳ ಬೇಡ, ಭಾಸ್ಕರಾಚಾರ್ಯನ ಆ ನೂರನೇ ಪಾಲಿನ ವಾದ ಹೇಳಿ. ಖಂಡಿತ ಇಷ್ಟಪಡ್ತಾರೆ.

ಸೇವ್ ಮಾಡ್ಕೊಳ್ಳಿ, ಆ ಫಾರ್ವರ್ಡ್ ಕಳಿಸಿದವರಿಗೂ ಕಳಿಸಿ. ಮುಂದೆ ಯಾವ ಪದದ ಜಾಡು ಹಿಡಿಯೋಣ? ಕಾಮೆಂಟಿನಲ್ಲಿ ಹೇಳಿ 👇

#ಪದದಜಾಡು #ಭೂಗೋಳ #ಕನ್ನಡ #ಇತಿಹಾಸ