ಮರದ ತುದಿಯ ಸೊಳ್ಳೆ, ಮಂಗಗಳ ಮಲೇರಿಯಾ

ಬೋರ್ನಿಯೊ ದ್ವೀಪದಲ್ಲಿರುವ ಮಲೇಷ್ಯಾದ ಸರವಾಕ್ ರಾಜ್ಯದಲ್ಲಿ ಕಪಿಟ್ ಎಂಬ ಕಾಡುಪ್ರದೇಶವಿದೆ. ಅಲ್ಲಿನ 208 ಮಲೇರಿಯಾ ರೋಗಿಗಳ ರಕ್ತವನ್ನು ಬಾಲ್ಬೀರ್ ಸಿಂಗ್ ಮತ್ತು ಜಾನೆಟ್ ಕಾಕ್ಸ್-ಸಿಂಗ್ ಅವರ ತಂಡ ಡಿಎನ್‌ಎ ಪರೀಕ್ಷೆಗೆ ಒಳಪಡಿಸಿದಾಗ 120 ಮಂದಿಯಲ್ಲಿ ಮಂಗಗಳ ಮಲೇರಿಯಾ ಕಂಡುಬಂತು. 2004ರಲ್ಲಿ ಈ ವರದಿ ಪ್ರಕಟವಾದ ಮೇಲೆ ಆ ಮಲೇರಿಯಾವನ್ನು ‘ಹೊಸ ರೋಗ’ ಎನ್ನುವುದು ರೂಢಿಯಾಯಿತು. ಆ ಮಾತು ಸರಿಯಲ್ಲ. ರೋಗ ಹಳೆಯದು, ಹೊಸದಾಗಿದ್ದು ಅದನ್ನು ಗುರುತಿಸುವ ಶಕ್ತಿ. ಅಷ್ಟು ದಿನ ಅದು ಮರೆಯಲ್ಲಿ ಉಳಿದದ್ದೇಕೆ ಎಂದು ಹುಡುಕುತ್ತ ಹೋದರೆ, ಯಾವ ಸೊಳ್ಳೆ ಎಷ್ಟು ಎತ್ತರದಲ್ಲಿ ಯಾರನ್ನು ಕಚ್ಚುತ್ತದೆ ಎಂಬ ಪ್ರಶ್ನೆಗೇ ಬಂದು ನಿಲ್ಲುತ್ತೇವೆ.

ಈ ಇತಿಹಾಸದ ಮೊದಲ ಮುಖ್ಯ ಅಧ್ಯಾಯ ನಡೆದದ್ದು ನಮ್ಮ ದೇಶದಲ್ಲೇ. ಕಲ್ಕತ್ತೆಯ ಉಷ್ಣವಲಯ ವೈದ್ಯಕೀಯ ಶಾಲೆಯಲ್ಲಿ ರಾಬರ್ಟ್ ನೋಲ್ಸ್ ಮತ್ತು ಬಿರಾಜ್ ಮೋಹನ್ ದಾಸ್‌ಗುಪ್ತ ಮಂಗವೊಂದರ ರಕ್ತದಲ್ಲಿದ್ದ ಇದೇ ಮಲೇರಿಯಾದ ಪರೋಪಜೀವಿಯನ್ನು ಸೂಜಿಯ ಮೂಲಕ ಮನುಷ್ಯರಿಗೆ ದಾಟಿಸಿ, ಅದು ಜ್ವರ ತರುತ್ತದೆಂದು 1932ರಲ್ಲಿ ತೋರಿಸಿದರು. ನೋಲ್ಸ್ ಅವರ ಗೌರವಾರ್ಥ ಅದಕ್ಕೆ ಪ್ಲಾಸ್ಮೋಡಿಯಂ ನೋಲೆಸಿ ಎಂಬ ಹೆಸರು ಬಂತು. ಉದ್ದಬಾಲದ ಮಂಗದ ಮೈಯಲ್ಲಿ ಇದು ಸದ್ದಿಲ್ಲದೆ ಇರುತ್ತದೆ, ರೀಸಸ್ ಮಂಗಕ್ಕೆ ತಗುಲಿದರೆ ಮಾತ್ರ ಕೊಲ್ಲುತ್ತದೆ. ಇದು ಇಪ್ಪತ್ತನಾಲ್ಕು ಗಂಟೆಗೊಮ್ಮೆ ಮರಿಹಾಕುವುದರಿಂದ ಜ್ವರವೂ ದಿನದಿನವೂ ಏರುತ್ತದೆ. ಮಿದುಳಿಗೆ ಏರಿದ ಸಿಫಿಲಿಸ್ ರೋಗವನ್ನು ಜ್ವರದ ಕಾವಿನಿಂದ ಹತ್ತಿಕ್ಕುತ್ತಿದ್ದ ಆ ಕಾಲದಲ್ಲಿ ಕೆಲವು ವೈದ್ಯರು ಇದನ್ನೇ ಔಷಧಿಯಾಗಿಯೂ ಬಳಸಿದರು. ಅಂದರೆ ಮನುಷ್ಯನ ರಕ್ತದಲ್ಲಿ ಇದು ಬದುಕಬಲ್ಲದೆಂಬುದು ಆಗಲೇ ತಿಳಿದಿತ್ತು. ಸೂಜಿಯ ನೆರವಿಲ್ಲದೆ ಕಾಡಿನಿಂದ ಅದು ಮನುಷ್ಯನನ್ನು ತಲುಪುವುದೇ ಎಂಬುದಷ್ಟೇ ಉಳಿದ ಸಂಶಯ.

1960ರಲ್ಲಿ ಅಮೆರಿಕದ ಮೆಂಫಿಸ್ ಪ್ರಯೋಗಾಲಯದಲ್ಲಿ ಡಾನ್ ಐಲ್ಸ್ ಅವರಿಗೆ ಬೇರೊಂದು ಮಂಗಮಲೇರಿಯಾ ಆಕಸ್ಮಿಕವಾಗಿ ಸೊಳ್ಳೆಯಿಂದಲೇ ತಗುಲಿತು. ಕಳವಳಗೊಂಡ ವಿಜ್ಞಾನಿಗಳು ಮಲಯದ ಕಾಡಿಗಿಳಿದರು. ಮರುವರ್ಷವೇ ನೋಲೆಸಿಯನ್ನು ಹೊತ್ತ ಮೊದಲ ಸೊಳ್ಳೆ ಸಿಕ್ಕಿತು: ಕರಾವಳಿಯ ಜೌಗಿನಲ್ಲಿ ಬೆಳೆಯುವ ನೀಪಾ ತಾಳೆಗಳ ನಡುವಿನ ಅನಾಫಿಲಿಸ್ ಹ್ಯಾಕರಿ. ಆದರೆ ಇದಕ್ಕೆ ಬೇಕಾದದ್ದು ಮಂಗಗಳ ರಕ್ತ, ಮನುಷ್ಯರ ಹತ್ತಿರ ಸುಳಿಯುವುದೇ ಅಪರೂಪ. ರೋಗ ಮಂಗಗಳಲ್ಲೇ ಸುತ್ತುತ್ತದೆ ಎಂಬ ಸಮಾಧಾನ ಹುಟ್ಟಿದ್ದು ಇಲ್ಲಿಂದ. 1965ರಲ್ಲಿ ಮಲಯದ ಪಹಾಂಗ್‌ನ ಕಾಡಿನಲ್ಲಿ ಕೆಲಸ ಮಾಡಿ ಸ್ವದೇಶಕ್ಕೆ ಮರಳಿದ ಅಮೆರಿಕನ್ ಭೂಮಾಪಕನೊಬ್ಬನಲ್ಲಿ ನೋಲೆಸಿ ಪತ್ತೆಯಾದಾಗ ಆ ಸಮಾಧಾನ ಕದಡಿತು. ಆಗ ಆ ಸೀಮೆಯ 1,117 ಜನರ ರಕ್ತವನ್ನು ರೀಸಸ್ ಮಂಗಗಳಿಗೆ ಚುಚ್ಚಿ ನೋಡಿದರು. ಒಂದು ಮಂಗಕ್ಕೂ ಮಲೇರಿಯಾ ಬರಲಿಲ್ಲ. ಶ್ರಮವಹಿಸಿ ಮಾಡಿದ ಪರೀಕ್ಷೆ ಅದು, ಆ ಊರುಗಳ ಮಟ್ಟಿಗೆ ಅದರ ಉತ್ತರವನ್ನು ಅಲ್ಲಗಳೆಯಲಾಗದು. ತಪ್ಪಾದದ್ದು ಆ ಉತ್ತರವನ್ನು ಇಡೀ ಆಗ್ನೇಯ ಏಷ್ಯಕ್ಕೆ ಹಿಗ್ಗಿಸಿದಲ್ಲಿ. ಕಾಡು ಬದಲಾದರೆ ಸೊಳ್ಳೆಯೂ ಬದಲಾಗುತ್ತದೆ. ಕಪಿಟ್‌ನಲ್ಲಿ ಆಮೇಲೆ ಗುರುತಿಸಲಾದ ಅನಾಫಿಲಿಸ್ ಲೇಟೆನ್ಸ್ ಮರದ ಮೇಲೆ ಮಂಗವನ್ನೂ ಕಚ್ಚುತ್ತದೆ, ಕೆಳಗಿಳಿದು ಮನುಷ್ಯನನ್ನೂ ಕಚ್ಚುತ್ತದೆ. ಒಂದು ಸೊಳ್ಳೆಯ ಸ್ವಭಾವವನ್ನು ನೋಡಿ ಇನ್ನೊಂದರ ಬಗ್ಗೆ ತೀರ್ಪು ಕೊಡಬಾರದಿತ್ತು.

ಹಾಗಾದರೆ ಕಪಿಟ್‌ನ ಆಸ್ಪತ್ರೆಗಳಿಗೆ ಇದು ಮೊದಲೇ ಏಕೆ ಕಾಣಲಿಲ್ಲ? ಕಂಡಿತ್ತು, ಬೇರೆ ಹೆಸರಿನಲ್ಲಿ. ಸೂಕ್ಷ್ಮದರ್ಶಕದಡಿ ನೋಲೆಸಿಯು ಮನುಷ್ಯರ ಮಲೇರಿಯಾಗಳಲ್ಲೊಂದಾದ ಪ್ಲಾಸ್ಮೋಡಿಯಂ ಮಲೇರಿಯೆಯನ್ನು ಬಹುಮಟ್ಟಿಗೆ ಹೋಲುತ್ತದೆ. ಮಲೇರಿಯೆ ಎಪ್ಪತ್ತೆರಡು ಗಂಟೆಗೊಮ್ಮೆ ಮರಿಹಾಕುತ್ತದೆ, ಅದು ತರುವ ಕಾಯಿಲೆ ಸಾಮಾನ್ಯವಾಗಿ ಸೌಮ್ಯ. ಕಪಿಟ್‌ನ ರೋಗಿಗಳಲ್ಲಿ ಅದಕ್ಕೆ ಹೊಂದದಷ್ಟು ಪರೋಪಜೀವಿಗಳಿದ್ದದ್ದೇ ಸಿಂಗ್ ತಂಡದ ಅನುಮಾನಕ್ಕೆ ಕಾರಣವಾಯಿತು. ಅದೇ ತಂಡ ಮುಂದೆ 1996ರ ಹಳೆಯ ರಕ್ತಲೇಪದ ಗಾಜುಗಳನ್ನು ಹೊರತೆಗೆದು ಪರೀಕ್ಷಿಸಿತು. ಡಿಎನ್‌ಎ ಉಳಿದಿದ್ದವುಗಳಲ್ಲಿ ಬಹುಪಾಲು ನೋಲೆಸಿಯೇ. ಇಷ್ಟೇ ಅಲ್ಲ, ಕಪಿಟ್‌ನ ಕಾಡುಮಂಗಗಳ ಪರೋಪಜೀವಿಗಳ ವಂಶವಾಹಿ ಅಧ್ಯಯನವು ಈ ರೋಗಾಣು ಆ ನೆಲಕ್ಕೆ ಮನುಷ್ಯ ಕಾಲಿಡುವುದಕ್ಕಿಂತ ಹಿಂದಿನದೆಂದು ಸೂಚಿಸಿತು.

ರೋಗ ಹಳೆಯದೆಂಬ ಈ ವಾದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ. ಬೋರ್ನಿಯೊದ ಸಬಾ ರಾಜ್ಯದಲ್ಲಿ ಇತ್ತೀಚೆಗೆ ಕಾಡು ಕಡಿದ ಊರುಗಳ ಸುತ್ತ ನೋಲೆಸಿ ಹೆಚ್ಚಿರುವುದನ್ನು ಅಧ್ಯಯನಗಳು ತೋರಿಸಿವೆ. ಹೀಗಿರುವಾಗ ಇದು ನಮ್ಮ ಕಾಲದ ರೋಗವಲ್ಲವೇ? ಹೆಚ್ಚಳವನ್ನು ನಾನು ನಿರಾಕರಿಸುವುದಿಲ್ಲ. ಆದರೆ ರೋಗದ ವಯಸ್ಸು ಬೇರೆ, ಅದರ ಹರವು ಬೇರೆ. ಮರ ಉರುಳಿ ತೋಟ ಎದ್ದಾಗ ಮಂಗ, ಕೂಲಿಕಾರ, ಅನಾಫಿಲಿಸ್ ಬಾಲಬಾಸೆನ್ಸಿಸ್ ಸೊಳ್ಳೆ ಮೂರೂ ಕಾಡಿನಂಚಿನಲ್ಲಿ ಕೂಡುತ್ತವೆ. ಹಳೆಯ ರೋಗಕ್ಕೆ ನಾವೇ ದಾರಿ ಅಗಲ ಮಾಡಿಕೊಟ್ಟಿದ್ದೇವೆ. ‘ಹೊಸದು’ ಎಂದು ಕರೆದರೆ ಈ ಹೊಣೆ ಮರೆಯಾಗುತ್ತದೆ.

ಮಂಗಗಳನ್ನೇ ಕೊಂದರಾಯಿತು ಎನ್ನುವವರಿಗೆ ಹ್ಯಾಕರಿ ಸೊಳ್ಳೆಯ ಕಥೆಯೇ ಉತ್ತರ: ಮಂಗದಲ್ಲಿ ರೋಗವಿದ್ದ ಮಾತ್ರಕ್ಕೆ ಮನುಷ್ಯನಿಗೆ ಬರುವುದಿಲ್ಲ, ನಡುವೆ ಇಬ್ಬರನ್ನೂ ಕಚ್ಚುವ ಸೊಳ್ಳೆ ಬೇಕು. ನಮ್ಮ ದೇಶದ ನೀಲಗಿರಿಯಲ್ಲೂ ಅನಾಫಿಲಿಸ್ ಎಲೆಗನ್ಸ್ ಸೊಳ್ಳೆ ಮಂಗಗಳ ಮಲೇರಿಯಾ ಹರಡುತ್ತದೆಂದು 1963ರಲ್ಲೇ ದಾಖಲಾಗಿದೆ. ಅದು ಬೇರೆ ಜಾತಿಯ ಮಲೇರಿಯಾ, ನೋಲೆಸಿಯಲ್ಲ. ಕನ್ನಡಿಗರಿಗೆ ‘ಮಂಗನ ಕಾಯಿಲೆ’ ಎಂದೊಡನೆ ನೆನಪಾಗುವುದು 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ, ಉಣುಗು ಹರಡುವ ವೈರಸ್ ಜ್ವರ. ಅಲ್ಲಿ ಮಂಗಗಳು ಸತ್ತು ಬೀಳುವುದರಿಂದ ಊರಿಗೆ ಮುನ್ಸೂಚನೆಯಾದರೂ ಸಿಗುತ್ತದೆ. ನೋಲೆಸಿ ಹೊತ್ತ ಉದ್ದಬಾಲದ ಮಂಗ ಆರೋಗ್ಯವಾಗಿಯೇ ಕಾಣುತ್ತದೆ. ಆದ್ದರಿಂದ ನೋಲೆಸಿಯ ವಿಷಯದಲ್ಲಿ ಕಣ್ಣಿಡಬೇಕಾದದ್ದು ಸೊಳ್ಳೆಯ ಮೇಲೆ. ಮನೆಗೋಡೆಗೆ ಹೊಡೆಯುವ ಔಷಧಿ, ಮಲಗುವಾಗ ಕಟ್ಟುವ ಪರದೆ ಇವು ಒಳಗೆ ಕಚ್ಚುವ ಸೊಳ್ಳೆಯನ್ನು ಸೋಲಿಸಿದವು. ಮುಸ್ಸಂಜೆ ಬಯಲಲ್ಲಿ ಕಚ್ಚುವುದನ್ನು ಅವು ತಡೆಯಲಾರವು. 2018ರಲ್ಲಿ ಮಲೇಷ್ಯಾದಲ್ಲಿ ಮನುಷ್ಯರಿಂದ ಮನುಷ್ಯರಿಗೆ ಹರಡುವ ಸ್ಥಳೀಯ ಮಲೇರಿಯಾ ಒಂದೂ ದಾಖಲಾಗಲಿಲ್ಲ. ಅದೇ ವರ್ಷ ಅಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಜನರಿಗೆ ಮಂಗಗಳ ಮಲೇರಿಯಾ ತಗುಲಿತ್ತು.