ನಿಂತು ಬರುವವರು, ನಿಲ್ಲದೆ ಬರುವವರು

ನಮ್ಮ ಮುಲುಂಡಿನ ಕಟ್ಟಡದಲ್ಲಿ ನೌಕಾಪಡೆಯಲ್ಲಿ ಡೈವರ್ ಆಗಿದ್ದು ನಿವೃತ್ತರಾದವರೊಬ್ಬರಿದ್ದಾರೆ. ಮೇಲಿನ ಮಹಡಿಯ ಹುಡುಗ ಮುರ್ಡೇಶ್ವರದ ಹತ್ತಿರದ ನೇತ್ರಾಣಿಯಲ್ಲಿ ಸ್ಕೂಬಾ ಕಲಿತು ಬಂದವನು. "ಆಳದಿಂದ ನಿಂತು ನಿಂತು ಮೇಲೆ ಬರಬೇಕು" ಅಂತ ಇವರು. "ನಿಲ್ಲುವ ಪ್ರಸಂಗವೇ ಬರದ ಹಾಗೆ ಮುಳುಗಬೇಕು ಅಂಕಲ್" ಅಂತ ಅವನು. ಇಬ್ಬರ ಮಾತೂ ಸರಿಯೇ. ಯಾಕೆ ಅಂದರೆ ಅದಕ್ಕೊಂದು ಇತಿಹಾಸವಿದೆ.

ನೀರಿನಾಳದಲ್ಲಿ ಒತ್ತಡ ಹೆಚ್ಚು. ಅಲ್ಲಿ ಉಸಿರಾಡಿದ ಗಾಳಿಯ ಸಾರಜನಕ ಮೈಯಲ್ಲಿ ಕರಗಿ ಕೂರುತ್ತದೆ. ದಡಬಡ ಮೇಲೆ ಬಂದರೆ ಗೋಲಿ ಸೋಡಾ ಒಡೆದ ಹಾಗೆ ಗುಳ್ಳೆ ಏಳುತ್ತದೆ. ಕೀಲುನೋವಿನಿಂದ ಹಿಡಿದು ಲಕ್ವದವರೆಗೆ ಏನೂ ಆಗಬಹುದು, ಜೀವವೂ ಹೋಗಬಹುದು.

ಬ್ರಿಟಿಷ್ ನೌಕಾಪಡೆಗಾಗಿ ಜೆ. ಎಸ್. ಹಾಲ್ಡೇನ್ ಅವರು ಲಂಡನ್ನಿನ ಲಿಸ್ಟರ್ ಸಂಸ್ಥೆಯ ಉಕ್ಕಿನ ಕೋಣೆಯಲ್ಲಿ ಆಡುಗಳನ್ನು ಕೂಡಿ ಪರೀಕ್ಷೆ ಮಾಡಿದರು. 1908ರಲ್ಲಿ ಪ್ರಕಟವಾದ ಅವರ ಸೂತ್ರ ಇಷ್ಟು: ಒಟ್ಟು ಒತ್ತಡ ಅರ್ಧಕ್ಕಿಳಿಯುವ ತನಕ ಬೇಗ ಬರಬಹುದು, ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ನಿಲ್ಲಬೇಕು, ಮೇಲೆ ಬಂದಷ್ಟೂ ಹೆಚ್ಚು ಹೊತ್ತು.

ಮುಂದೆ ಬಂದ ಕೋಷ್ಟಕಗಳ ಬೇರು ಇಲ್ಲೇ. ಆದರೆ ಒಂದೊಂದನ್ನೂ ಒಂದೊಂದು ಬಗೆಯ ಜನರಿಗಾಗಿ ಮಾಡಿದರು. ಅಮೆರಿಕದ ನೌಕಾಪಡೆಯ 1957ರ ಕೋಷ್ಟಕದಲ್ಲಿ 60 ಅಡಿ, ಅಂದರೆ ಸುಮಾರು 18 ಮೀಟರ್ ಆಳದಲ್ಲಿ 60 ನಿಮಿಷ ಇದ್ದು ನಿಲ್ಲದೆ ಬರಬಹುದಿತ್ತು. ಅದು ಗಟ್ಟಿಮುಟ್ಟಾದ ನಾವಿಕರಿಗೆ. 1953ರಲ್ಲಿ ಹುಟ್ಟಿದ ಬ್ರಿಟಿಷ್ ಸಬ್-ಆಕ್ವಾ ಕ್ಲಬ್ ತನ್ನ ಸದಸ್ಯರಿಗೆ ನಿಂತು ಬರುವುದನ್ನೂ ಕಲಿಸಿತು. 1966ರಲ್ಲಿ ಶುರುವಾದ ಪ್ಯಾಡಿ ಸಂಸ್ಥೆಯದು ಬೇರೆ ದಾರಿ. ರಜೆಯಲ್ಲಿ ಬರುವ ಗಂಡಸರು, ಹೆಂಗಸರು ನಿಲುಗಡೆ ಬೇಕಾಗುವಷ್ಟು ಹೊತ್ತು ಕೆಳಗೆ ಇರಲೇಬಾರದು ಅಂದಿತು. ಅದರ 1988ರ ಕೋಷ್ಟಕದಲ್ಲಿ 18 ಮೀಟರಿಗೆ 56 ನಿಮಿಷ. ಕೊನೆಗೆ 5 ಮೀಟರಿನಲ್ಲಿ 3 ನಿಮಿಷ ನಿಲ್ಲುವುದು ಹೆಚ್ಚಿನ ಭದ್ರತೆಗೆ.

ನಮ್ಮ ಮುಂಬೈಯಿಂದ ಸುಮಾರು 160 ಕಿ.ಮೀ. ದೂರದ ಬಾಂಬೆ ಹೈಯಲ್ಲಿ 1974ರಲ್ಲಿ ಎಣ್ಣೆ ಸಿಕ್ಕಿತಲ್ಲ, ಇಂಥ ಎಣ್ಣೆ ಬಾವಿಗಳ ಆಳದ ಕೆಲಸದಲ್ಲಿ ಮೂರನೆಯದೇ ರೀತಿಯೊಂದಿದೆ. ಡೈವರುಗಳು ಹಡಗಿನ ಒತ್ತಡದ ಕೋಣೆಯಲ್ಲೇ ದಿನಗಟ್ಟಲೆ ಇರುತ್ತಾರೆ. ಮೈ ಒಮ್ಮೆ ಪೂರ್ತಿ ತುಂಬಿಕೊಂಡ ಮೇಲೆ ಎಷ್ಟು ದಿನ ಇದ್ದರೂ ಹೊರಬರಲು ಬೇಕಾದ ಸಮಯ ಅಷ್ಟೇ. 70 ಮೀಟರಿನ ಒತ್ತಡದಿಂದ ಇಳಿಯಲು ಸುಮಾರು ಮೂರು ದಿನ.

ಹುಡುಗನಿಗೆ ನಾನು ಹೇಳುವುದು ಒಂದೇ. ನಿನ್ನ ಕೋಷ್ಟಕದ ನಿಮಿಷಗಳ ಲೆಕ್ಕ ಸಮುದ್ರದ ಮಟ್ಟಕ್ಕೆ ಮುಗಿಯುತ್ತದೆ. ನೀನು ಕೊಂಕಣ ರೈಲಿನಲ್ಲಿ ಕರಾವಳಿ ಹಿಡಿದು ಮನೆಗೆ ಬಂದೆ. ಅದೇ ದೋಣಿಯಲ್ಲಿದ್ದ ಬೆಂಗಳೂರಿನವನು ಅಂದೇ ರಾತ್ರಿ ಬಸ್ಸು ಹಿಡಿದರೆ ಘಟ್ಟ ಹತ್ತಿ ಸುಮಾರು 900 ಮೀಟರ್ ಎತ್ತರಕ್ಕೆ ಹೋಗುತ್ತಾನೆ. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಇನ್ನೂ ಇಳಿಯುತ್ತದೆ, ಮೈಯಲ್ಲಿ ಉಳಿದ ಸಾರಜನಕ ಗುಳ್ಳೆಯಾಗಬಹುದು. 2002ರ ಸಭೆಯ ನಂತರ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಕೊಟ್ಟ ಸಲಹೆ ಹೀಗಿದೆ: ನಿಲುಗಡೆ ಬೇಡದ ಒಂದೇ ಮುಳುಗಾದರೆ ಕನಿಷ್ಠ 12 ಗಂಟೆ, ಹಲವು ಮುಳುಗಾದರೆ 18 ಗಂಟೆ, ನಿಲುಗಡೆ ಬೇಕಾದ ಮುಳುಗಾದರೆ ಅದಕ್ಕೂ ಹೆಚ್ಚು ಕಾದು ವಿಮಾನ ಹತ್ತಬೇಕು. ಆ ಸಲಹೆ ಸುಮಾರು 600 ಮೀಟರಿನಿಂದಲೇ ಅನ್ವಯಿಸುತ್ತದೆ. ಹಾಗಾಗಿ ಬೆಂಗಳೂರಿನ ಗೆಳೆಯರು ಒಂದು ರಾತ್ರಿ ಮುರ್ಡೇಶ್ವರದಲ್ಲೇ ಉಳಿದು ಹೊರಡಲಿ.