‘ಜೆನೆವೀವ್’ ಚಲಚ್ಚಿತ್ರ: ಒಂದು ಐತಿಹಾಸಿಕ ಅವಲೋಕನ

ಕೇವಲ ವಿನೋದಕ್ಕಾಗಿ ನಿರ್ಮಿತವಾದ ಚಲಚ್ಚಿತ್ರವು ಇತಿಹಾಸಕ್ಕೆ ಆಧಾರವಾಗಬಲ್ಲುದೇ? 1953ರಲ್ಲಿ ಬಿಡುಗಡೆಯಾದ ‘ಜೆನೆವೀವ್’ ಎಂಬ ಬ್ರಿಟಿಷ್ ಚಿತ್ರವು ಈ ಪ್ರಶ್ನೆಯನ್ನು ಪರಿಶೀಲಿಸಲು ತಕ್ಕ ನಿದರ್ಶನವಾಗಿದೆ.

ಚಿತ್ರದ ಕಥಾವಸ್ತು ಲಂಡನ್‌ನಿಂದ ಬ್ರೈಟನ್‌ವರೆಗಿನ ಹಳೆಯ ಮೋಟಾರುಗಳ ವಾರ್ಷಿಕ ಯಾತ್ರೆ. ಇದರ ಮೂಲವಿರುವುದು ಒಂದು ಶಾಸನದಲ್ಲಿ. 1865ರ ಕಾನೂನಿನಂತೆ ಯಂತ್ರಚಾಲಿತ ವಾಹನಗಳ ವೇಗವು ಗಂಟೆಗೆ 4 ಮೈಲಿಗಳನ್ನು ಮೀರಕೂಡದಾಗಿದ್ದಿತು. ಮುಂದೆ ಒಬ್ಬನು ಕೆಂಪು ಬಾವುಟ ಹಿಡಿದು ನಡೆಯಬೇಕಾಗಿದ್ದಿತು. 1896ರ ಶಾಸನವು ಮೋಟಾರುಗಳನ್ನು ಈ ಕಟ್ಟುಗಳಿಂದ ಬಿಡಿಸಿತು. ಆ ವರ್ಷದ ನವೆಂಬರ್ 14ರಂದು ನಡೆದ ಯಾತ್ರೆಯ ಸ್ಮರಣೆಯೇ ಇಂದಿನ ಉತ್ಸವ. ಚಿತ್ರದಲ್ಲಿ ತರುಣ ವಕೀಲನೊಬ್ಬನು ತನ್ನ 1904ರ ‘ಡರಾಕ್’ ಕಾರಿನ ಮೇಲೆ ಹೆಂಡತಿಯೂ ಅಸೂಯೆಪಡುವಷ್ಟು ಮೋಹವಿರಿಸಿ, ಸ್ನೇಹಿತನೊಡನೆ ಪಣ ಕಟ್ಟುತ್ತಾನೆ. ಗುರಿ ಸಮೀಪಿಸಿರುವಾಗಲೂ, ಹಳೆಯ ಕಾರನ್ನು ಕಂಡು ತನ್ನ ಯೌವನವನ್ನು ನೆನೆದ ವೃದ್ಧನೊಬ್ಬನ ಮಾತಿಗೆ ಕಿವಿಗೊಟ್ಟು ನಿಲ್ಲುತ್ತಾನೆ. ಗೆಲುವಿಗಿಂತ ಸೌಜನ್ಯವೇ ಮಿಗಿಲೆಂಬುದು ಈ ಹಾಸ್ಯದ ತಿರುಳು.

ಇಂಗ್ಲಿಷರ ಸ್ವಭಾವವನ್ನು ಇಷ್ಟು ನಿಕಟವಾಗಿ ಬಣ್ಣಿಸಿದವರು ಬಹುಮಟ್ಟಿಗೆ ಹೊರಗಿನವರೆಂಬುದು ಗಮನಾರ್ಹ. ಚಿತ್ರಕಥೆಯ ಕರ್ತೃ ವಿಲಿಯಂ ರೋಸ್ ಅಮೆರಿಕದವನು. ನಿರ್ದೇಶಕ ಹೆನ್ರಿ ಕಾರ್ನೀಲಿಯಸ್ 1913ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಜನಿಸಿ, ಬರ್ಲಿನ್‌ನಲ್ಲಿ ಮ್ಯಾಕ್ಸ್ ರೈನ್‌ಹಾರ್ಟ್‌ನ ಬಳಿ ರಂಗಕಲೆಯನ್ನಭ್ಯಸಿಸಿದನು. ಅನಂತರ ಬ್ರಿಟನ್ನಿನಲ್ಲಿ ಚಿತ್ರ ಸಂಕಲನಕಾರನಾದನು. 1949ರ ‘ಪಾಸ್‌ಪೋರ್ಟ್ ಟು ಪಿಮ್ಲಿಕೊ’ ಅವನ ನಿರ್ದೇಶನದ ಮೊದಲ ಚಿತ್ರ. 1955ರ ‘ಐ ಆಮ್ ಎ ಕ್ಯಾಮೆರಾ’ದಲ್ಲಿ ಅವನು ನಾಟ್ಸಿಗಳು ಪ್ರಬಲರಾಗುತ್ತಿದ್ದ ಬರ್ಲಿನ್ನನ್ನು ಚಿತ್ರಿಸಿದನು. 1958ರಲ್ಲಿ, ಐವತ್ತು ತುಂಬುವ ಮೊದಲೇ ತೀರಿಕೊಂಡನು.

ಆದರೆ ಇತಿಹಾಸದ ವಿದ್ಯಾರ್ಥಿಗೆ ಮುಖ್ಯವಾದುದು ಚಿತ್ರದ ಆರಂಭದಲ್ಲಿ ತೋರುವ ಹೆಸರುಗಳ ಪಟ್ಟಿ. ಸಂಗೀತವನ್ನು ರಚಿಸಿ, ಮೌತ್ ಆರ್ಗನ್ ನುಡಿಸಿದವನು ಲ್ಯಾರಿ ಆಡ್ಲರ್. ಕಮ್ಯುನಿಸ್ಟರ ಪಕ್ಷಪಾತಿಯೆಂಬ ಶಂಕೆಯಿಂದ ತನ್ನ ದೇಶವಾದ ಅಮೆರಿಕದಲ್ಲಿ ಅವಕಾಶಗಳನ್ನು ಕಳೆದುಕೊಂಡು ಅವನು ಬ್ರಿಟನ್ನಿಗೆ ಬಂದಿದ್ದನು. ಅಮೆರಿಕದಲ್ಲಿ ಪ್ರದರ್ಶಿತವಾದ ಪ್ರತಿಗಳಿಂದ ಅವನ ಹೆಸರನ್ನು ತೆಗೆದುಹಾಕಲಾಯಿತು. ಸಂಗೀತವು ಆಸ್ಕರ್ ಬಹುಮಾನಕ್ಕೆ ಸೂಚಿತವಾದಾಗ ದಾಖಲಾದದ್ದು ವಾದ್ಯಮೇಳವನ್ನು ನಡೆಸಿದ ಮ್ಯೂರ್ ಮ್ಯಾಥೀಸನ್‌ನ ಹೆಸರು. ಈ ತಪ್ಪನ್ನು ಅಕಾಡೆಮಿಯು ತಿದ್ದಿದ್ದು 1986ರಲ್ಲಿ.

ವಾಹನಗಳಿಗೆ ದೊರೆತ ಸ್ವಾತಂತ್ರ್ಯವನ್ನು ಕೊಂಡಾಡುವ ಚಿತ್ರದಲ್ಲಿಯೇ ಒಬ್ಬ ಕಲಾವಿದನ ಹೆಸರಿಗೆ ಸ್ಥಳವಿಲ್ಲದೆ ಹೋಯಿತು. ಶಾಸನವಿರಲಿ, ಚಿತ್ರದ ಪ್ರತಿಯಿರಲಿ, ಅದರಲ್ಲಿ ಬರೆದಿರುವುದನ್ನು ಓದಿದರಷ್ಟೇ ಸಾಲದು. ಅಳಿಸಿದ್ದು ಯಾವುದು, ಯಾರ ಭಯದಿಂದ ಎಂಬುದನ್ನೂ ವಿಚಾರಿಸುವುದು ಇತಿಹಾಸಕಾರನ ಕರ್ತವ್ಯವಾಗಿದೆ.